ಕಾಶ್ಮೀರ: ಮೊದಲ ಯುದ್ಧವನ್ನು ತಿದ್ದಿದ ನಾಲ್ಕು ತೀರ್ಮಾನಗಳು

ಸ್ವಾತಂತ್ರ್ಯ ಬಂದು ಮೂರು ತಿಂಗಳೂ ಆಗಿರಲಿಲ್ಲ. 1947ರ ಅಕ್ಟೋಬರ್ 22ರಂದು ಪಾಕಿಸ್ತಾನದ ಕಡೆಯಿಂದ ಬುಡಕಟ್ಟು ದಾಳಿಕೋರರು ಕಾಶ್ಮೀರಕ್ಕೆ ನುಗ್ಗಿದರು. ಮಹಾರಾಜ ಹರಿಸಿಂಗ್ ದೆಹಲಿಯ ನೆರವು ಕೋರಿದರು. ಮೊದಲು ವಿಲೀನ, ಆಮೇಲೆ ಸೈನ್ಯ ಎಂದು ಗವರ್ನರ್ ಜನರಲ್ ಮೌಂಟ್‌ಬ್ಯಾಟನ್ ಪಟ್ಟು ಹಿಡಿದರು. ಅ. 26ರ ತಾರೀಕಿನ ವಿಲೀನ ಪತ್ರಕ್ಕೆ ಸಹಿ ಬಿತ್ತು; 27ರ ಬೆಳಿಗ್ಗೆ ಸಿಖ್ ರೆಜಿಮೆಂಟಿನ ಪಡೆ ವಿಮಾನದಲ್ಲಿ ಶ್ರೀನಗರ ತಲುಪಿತು.

ಅತ್ತ ಜಿನ್ನಾ ಆದೇಶಿಸಿದರೂ ಪಾಕ್ ಸೇನೆಯ ಬ್ರಿಟಿಷ್ ಅಧಿಕಾರಿ ಗ್ರೇಸಿ ಕೂಡಲೇ ಸೈನ್ಯ ಕಳುಹಿಸಲಿಲ್ಲ.

1948ರ ಜನವರಿ 1ರಂದು ನೆಹರೂ ಸರಕಾರ ವಿವಾದವನ್ನು ವಿಶ್ವಸಂಸ್ಥೆಗೆ ಒಯ್ದಿತು. ಕಾದಾಟ ಮಾತ್ರ ನಿಲ್ಲಲಿಲ್ಲ. ನವೆಂಬರ್ 1ರಂದು ಕೊಡಗಿನ ಜನರಲ್ ತಿಮ್ಮಯ್ಯ ಜೋಜಿಲಾ ಘಾಟಿಗೆ ಟ್ಯಾಂಕ್ ಏರಿಸಿದ್ದರಿಂದ ಲಡಾಖಿನ ದಾರಿ ತೆರೆಯಿತು.

1949ರ ಜನವರಿ 1ಕ್ಕೆ ಕದನವಿರಾಮ. ಸೇನೆಗಳು ನಿಂತಲ್ಲೇ ಎಳೆದ ಗೆರೆ ಊರುಗಳನ್ನು, ನೆಂಟಸ್ತಿಕೆಗಳನ್ನು ಎರಡು ಪಾಲು ಮಾಡಿತು.