ಗಾಲಿಗೆ ನೀರು, ಚಾಲಕನಿಗೂ ನೀರು

ಲಿಂಗಸುಗೂರು ದಾಟಿದ ಮೇಲೆ ರಸ್ತೆಗೆ ನೆರಳು ಅಪರೂಪ. ಎರಡೂ ಬದಿಗೆ ಎರೆಹೊಲ ಬಿರುಕು ಬಿಟ್ಟು ಬಿದ್ದಿದೆ. ಮೇ ತಿಂಗಳು, ಹೊತ್ತು ನೆತ್ತಿಗೇರಿದೆ. ದೂರದಲ್ಲಿ ಬಿಸಿಲ್ಗುದುರೆ ಕೆರೆಯ ಹಾಗೆ ಹೊಳೆಯುತ್ತಿದ್ದರೆ, ಅದರೊಳಗಿಂದ ಟಿಪ್ಪರೊಂದು ತೇಲಿದಂತೆ ಬಂತು. ತಿರುಗಿ, ಡಾಂಬರು ಹಾಸುವ ಪೇವರಿನ ಬಾಯಿಗೆ ಬೆನ್ನು ಕೊಟ್ಟು ನಿಂತಿತು.

ಹಾಸುವಾಗ ಡಾಂಬರು ಜಲ್ಲಿಯ ಕಾವು ಸುಮಾರು 140 ಡಿಗ್ರಿ. ಅದು 90ಕ್ಕೆ ಇಳಿಯುವುದರೊಳಗೆ ರೋಲರ್ ಓಡಿಸಿ ಒತ್ತಿ ಮುಗಿಸಬೇಕು. ಆರಿದ ಮೇಲೆ ಜಲ್ಲಿ ಗಟ್ಟಿಯಾಗಿ ಕೂರುವುದಿಲ್ಲ, ಮಳೆಗಾಲಕ್ಕೆ ಕಿತ್ತು ಬರುತ್ತದೆ. ಹಾಗಾಗಿ ರೋಲರ್ ಚಾಲಕ ನಡುವೆ ಇಳಿಯುವಂತಿಲ್ಲ. ತಲೆಯ ಮೇಲೆ ತಗಡು, ಕೆಳಗೆ ಡಾಂಬರಿನ ಹಬೆ, ಮಗ್ಗುಲಲ್ಲಿ ಇಂಜಿನ್. ಹತ್ತುವ ಹಿಡಿಕೆಯನ್ನು ಬರಿಗೈಯಲ್ಲಿ ಮುಟ್ಟಲಾಗದು. ಅದಕ್ಕೆ ಗೋಣಿಚೀಲದ ಬಟ್ಟೆ ಸುತ್ತಿದ್ದಾರೆ. ಉಕ್ಕಿನ ಗಾಲಿಗೆ ಡಾಂಬರು ಅಂಟದಿರಲೆಂದು ಟ್ಯಾಂಕಿನಿಂದ ನೀರು ಚಿಮ್ಮುತ್ತಲೇ ಇದೆ. ಆ ನೀರು ತೀರಿದರೆ ಎಲ್ಲರೂ ಕೂಗುತ್ತಾರೆ. ಮೇಲೆ ಕೂತವನು ಬೆಳಗಿನಿಂದ ಎಷ್ಟು ಕುಡಿದನೆಂಬ ಲೆಕ್ಕ ಇಡುವವರು ಕಡಿಮೆ.

ಇಲ್ಲಿ ಒಬ್ಬ ಹೆಲ್ಪರ್ ಹುಡುಗ ಆ ಲೆಕ್ಕ ಇಟ್ಟಿದ್ದಾನೆ. ರೋಲರ್ ದಿಕ್ಕು ಬದಲಿಸಲು ನಿಂತಾಗಲೆಲ್ಲ, ಚಾಲಕನಿಗೆ ಕಾಣುವಂತೆ ಮುಂಬದಿಯಿಂದ ಬಂದು ಚೆಂಬು ಎತ್ತಿ ಹಿಡಿಯುತ್ತಾನೆ.

"ಕಾಕಾ, ನೀರು."

"ನೀರಡಿಕಿ ಆಗಿಲ್ಲೋ ತಮ್ಮಾ."

"ಆಗೂತನಕಾ ಕಾಯಬಾರದು, ಹಿಡೀರಿ."

ಹುಡುಗನ ಮಾತು ನೂರಕ್ಕೆ ನೂರು ನಿಜ. ಬೆವರು ಆರುವಾಗ ಮೈ ತಂಪಾಗುತ್ತದೆ. ಹರಿದುಹೋದ ನೀರು, ಉಪ್ಪು ಮರಳಿ ಒಳಗೆ ಹೋಗದಿದ್ದರೆ ಬುದ್ಧಿಗೆ ಮಂಕು ಕವಿಯುತ್ತದೆ. ಲಿವರ್ ಹಿಂದಕ್ಕೋ ಮುಂದಕ್ಕೋ ಎಂಬ ಅರೆಗಳಿಗೆಯ ಗೊಂದಲ ಸಾಕು. ರೋಲರಿನ ಹಿಂದೆ ಅಂಚು ಸರಿಮಾಡುತ್ತ ಬಗ್ಗಿದ ಹೆಂಗಸರಿದ್ದಾರೆ. ಅವರೂ ಅದೇ ಬಿಸಿಲಲ್ಲಿ ಬಳಲಿ, ಹಿಂದೆ ಸರಿಯುವ ಯಂತ್ರದ ಸದ್ದಿಗೆ ತಡವಾಗಿ ತಲೆ ಎತ್ತುತ್ತಾರೆ. ಅನಾಹುತವಾದರೆ 'ಚಾಲಕನ ಅಜಾಗರೂಕತೆ' ಎಂದು ಬರೆದು ಮುಗಿಸುವುದುಂಟು. ಆ ಹೊತ್ತಿಗೆ ಅವನ ಮೈಯಲ್ಲಿ ನೀರಿತ್ತೇ ಎಂದು ಕೇಳದೆ ಬರೆದದ್ದು ನನ್ನ ಮಟ್ಟಿಗೆ ಅರ್ಧ ಸತ್ಯ.

ನಿನ್ನೆ ಮಲೆನಾಡಿನಿಂದ ಹೊಸದಾಗಿ ಬಂದ ಆಳೊಬ್ಬನ ಮಾತು ತೊದಲಿತಂತೆ. ಬೇವಿನ ಬುಡಕ್ಕೆ ಹೊತ್ತೊಯ್ದು, ಅಂಗಿ ಬಿಚ್ಚಿ, ಕುತ್ತಿಗೆಗೆ, ಕಂಕುಳಿಗೆ ನೀರು ಸುರಿದು ಗಾಳಿ ಹಾಕಿದರು; 108ಕ್ಕೆ ಫೋನು ಮಾಡಿದರು. ಬದುಕಿದ. ಈ ಬಿಸಿಲಿಗೆ ಮೈ ಪಳಗಲು ಒಂದೆರಡು ವಾರ ಬೇಕು; ಬಂದ ದಿನವೇ ಪೂರ್ತಿ ಪಾಳಿ ಹಾಕಬಾರದಿತ್ತು.

ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ರೂಢಿಯಿದೆ. ಫ್ಯಾನಿನ ಕೆಳಗೆ ಕೂತವರಿಗೆ ಸಲ್ಲುವ ಈ ನ್ಯಾಯ ತಗಡಿನ ಕೆಳಗೆ ಕೂತವನಿಗೆ ಯಾಕಿಲ್ಲ? ಡಾಂಬರಿಗಂತೂ ಸಂಜೆಯಾದರೂ ಒಂದೇ.

ಕೊನೆಯ ಸುತ್ತು ಮುಗಿಯಿತು. ಚಾಲಕ ಇಂಜಿನ್ ಆರಿಸಿ, ಯಂತ್ರಕ್ಕೆ ಮುಖಮಾಡಿ, ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ನಿಧಾನ ಇಳಿದ. ಕಾಲು ನಡುಗುತ್ತಿತ್ತು. ಮೇಸ್ತ್ರಿ ಒಮ್ಮೆ ಆ ಕಾಲು ನೋಡಿದ, ಒಮ್ಮೆ ಖಾಲಿ ಟಿಪ್ಪರ್ ನೋಡಿದ, ಫೋನು ತೆಗೆದ.

"ಪ್ಲಾಂಟಿನಿಂದ ಇನ್ನ ಗಾಡಿ ಬಿಡಬ್ಯಾಡ್ರಿ. ನಾಕರ ಮ್ಯಾಲ ಕಳಸ್ರಿ."

ಬೇವಿನ ನೆರಳಿನಲ್ಲಿ ಹುಡುಗ ಆಗಲೇ ಮಜ್ಜಿಗೆಗೆ ಉಪ್ಪು ಕಲಸುತ್ತಿದ್ದ.