ಕಾಯಿಲೆಯಿಂದ ಕೆಲಸ ಹೋದರೆ ಚೈಲ್ಡ್ ಸಪೋರ್ಟ್ ಏನಾಗುತ್ತದೆ?

ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲೂ ವಿಚ್ಛೇದನ ಈಗ ಅಪರೂಪವಲ್ಲ, ಮಾತನಾಡಲು ಮಾತ್ರ ಸಂಕೋಚ. ಅದರ ಮೇಲೆ ಕಾಯಿಲೆ ಬಂದು ಕೆಲಸವೂ ಹೋದರೆ ಎಷ್ಟೋ ಜನ ಯಾರಿಗೂ ಹೇಳದೆ ಸುಮ್ಮನಾಗಿಬಿಡುತ್ತಾರೆ. ನಷ್ಟವಾಗುವುದು ಅಲ್ಲಿಯೇ.

ಒಂದು ಉದಾಹರಣೆ ನೋಡೋಣ. ಮಗಳು ತಾಯಿಯ ಜೊತೆಗಿದ್ದಾಳೆ. ಕೋರ್ಟ್ ಆದೇಶದಂತೆ ತಂದೆ ತಿಂಗಳಿಗೆ 1,000 ಡಾಲರ್ ಚೈಲ್ಡ್ ಸಪೋರ್ಟ್ ಕೊಡಬೇಕು. ಪಾರ್ಶ್ವವಾಯು ಹೊಡೆದು ಅವರ ಕೆಲಸ ನಿಂತಿತು.

ಅವರು ಸೋಷಿಯಲ್ ಸೆಕ್ಯುರಿಟಿ ತೆರಿಗೆ ಕಟ್ಟಿ ದುಡಿದವರಾದರೆ ಎಸ್‌ಎಸ್‌ಡಿಐಗೆ ಅರ್ಜಿ ಹಾಕಬಹುದು. 31ರಿಂದ 42 ವಯಸ್ಸಿನವರಿಗೆ ಸಾಮಾನ್ಯವಾಗಿ ಹಿಂದಿನ 10 ವರ್ಷಗಳಲ್ಲಿ 20 ಕ್ರೆಡಿಟ್, ಅಂದರೆ 5 ವರ್ಷದ ದುಡಿಮೆ ಬೇಕು. ಎಚ್-1ಬಿಯಲ್ಲಿ ದುಡಿದ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಬೆಂಗಳೂರಿನಲ್ಲಿ ದುಡಿದದ್ದು ಬರುವುದಿಲ್ಲ, ಏಕೆಂದರೆ ಭಾರತ–ಅಮೆರಿಕ ನಡುವೆ ಆ ಒಪ್ಪಂದವಿಲ್ಲ.

ಬಹಳ ಜನರಿಗೆ ಗೊತ್ತಿಲ್ಲದ ವಿಷಯವೆಂದರೆ ಮಗಳಿಗೂ ಪ್ರತ್ಯೇಕ ಹಣ ಬರುತ್ತದೆ. 18 ವರ್ಷದವರೆಗೆ (ಹೈಸ್ಕೂಲಿನಲ್ಲಿದ್ದರೆ 19) ತಂದೆಯ ಮೊತ್ತದ ಅರ್ಧದವರೆಗೂ ಸಿಗಬಹುದು, ಆದರೆ ಇಡೀ ಕುಟುಂಬಕ್ಕೆ ಒಂದು ಗರಿಷ್ಠ ಮಿತಿಯಿದೆ. ತಂದೆ ತಾಯಿ ಬೇರೆಯಾಗಿದ್ದರೂ ಅಡ್ಡಿಯಿಲ್ಲ. ತಂದೆಯ ಪಾಲೂ ಇದರಿಂದ ಕಡಿಮೆಯಾಗುವುದಿಲ್ಲ. ಮಗಳಿಗೆ 800 ಡಾಲರ್ ಬಂತು ಎನ್ನಿ. ಬಹುಪಾಲು ರಾಜ್ಯಗಳಲ್ಲಿ ಅದನ್ನು ತಂದೆ ಕೊಟ್ಟ ಹಣವೆಂದೇ ಹಿಡಿದು, ಉಳಿದ 200 ಮಾತ್ರ ಕೇಳುತ್ತಾರೆ.

ಆದರೆ ಹಳೆಯ ಆದೇಶ ತಾನಾಗಿ ಬದಲಾಗುವುದಿಲ್ಲ! ಸೋಷಿಯಲ್ ಸೆಕ್ಯುರಿಟಿ ಕಚೇರಿಗೂ ಕೋರ್ಟಿಗೂ ಮಾತುಕತೆ ಇದೆ ಎಂದುಕೊಳ್ಳಬೇಡಿ. ಎಸ್‌ಎಸ್‌ಡಿಐ ಶುರುವಾಗಲು ಸಾಮಾನ್ಯವಾಗಿ ಪೂರ್ತಿ 5 ತಿಂಗಳು ಕಾಯಬೇಕು, ಅರ್ಜಿಯ ತೀರ್ಮಾನ ಇನ್ನೂ ತಡವಾಗಬಹುದು. ಅಷ್ಟೂ ದಿನ ತಿಂಗಳಿಗೆ 1,000ದಂತೆ ಬಾಕಿ ಬೆಳೆಯುತ್ತದೆ. 1986ರ ಬ್ರಾಡ್ಲಿ ತಿದ್ದುಪಡಿಯ ಪ್ರಕಾರ, ಆದೇಶ ಬದಲಿಸಿ ಎಂದು ಅರ್ಜಿ ಹಾಕಿ ಎದುರು ಕಡೆಗೆ ನೋಟಿಸ್ ಹೋಗುವ ಮುಂಚಿನ ಬಾಕಿಯನ್ನು ನ್ಯಾಯಾಧೀಶರೂ ಮನ್ನಾ ಮಾಡುವಂತಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದೆ ಎಂದರೂ ಕೇಳುವುದಿಲ್ಲ. ಹಾಗಾಗಿ ಎಸ್‌ಎಸ್‌ಡಿಐ ತೀರ್ಮಾನಕ್ಕೆ ಕಾಯದೆ, ಕೆಲಸ ನಿಂತ ವಾರವೇ ಕೋರ್ಟಿಗೆ ಅರ್ಜಿ ಹಾಕಿ. ಒಂದೇ ಸಲ ಬರುವ ಹಿಂಬಾಕಿ ಹಣವನ್ನು ಹಳೆಯ ಸಾಲಕ್ಕೆ ವಜಾ ಮಾಡುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಾನು ಸಾಫ್ಟ್‌ವೇರಿನವನು, ವಕೀಲನಲ್ಲ. ಇದಕ್ಕೆ ನಿಮ್ಮ ರಾಜ್ಯದ ವಕೀಲರನ್ನೇ ಕೇಳಿ.

ಎಸ್‌ಎಸ್‌ಐ ಎಂಬುದು ಬೇರೆಯೇ. ಅದು ಆದಾಯ, ಆಸ್ತಿ ತೀರಾ ಕಡಿಮೆ ಇರುವವರಿಗೆ. ಅದರಿಂದ ಮಕ್ಕಳಿಗೆ ಪಾಲು ಬರುವುದಿಲ್ಲ, ಚೈಲ್ಡ್ ಸಪೋರ್ಟಿಗೆಂದು ಅದನ್ನು ಮುರಿದುಕೊಳ್ಳುವಂತೆಯೂ ಇಲ್ಲ. ಎಸ್‌ಎಸ್‌ಡಿಐಯಿಂದ ಮಾತ್ರ ಮುರಿದುಕೊಳ್ಳಬಹುದು. ಇನ್ನು ಮಗುವಿಗೇ ಅಂಗವೈಕಲ್ಯವಿದ್ದು ಎಸ್‌ಎಸ್‌ಐ ಬರುತ್ತಿದ್ದರೆ, ಬಂದ ಚೈಲ್ಡ್ ಸಪೋರ್ಟಿನ ಮೂರನೇ ಒಂದು ಭಾಗವನ್ನು ಆದಾಯವೆಂದು ಎಣಿಸುವುದಿಲ್ಲ. ಉಳಿದದ್ದನ್ನು ಎಣಿಸುತ್ತಾರೆ, ಹಾಗಾಗಿ ತಾಯಂದಿರು ಅದನ್ನು ತಪ್ಪದೆ ತಿಳಿಸಬೇಕು.

ಮಗುವಿನ ಪಾಲಿಗೆ ಅರ್ಜಿ ಹಾಕಲು ಸೋಷಿಯಲ್ ಸೆಕ್ಯುರಿಟಿಯ ಉಚಿತ ದೂರವಾಣಿ 1-800-772-1213. ಮಗುವಿನ ಜನನ ಪ್ರಮಾಣಪತ್ರ ಮತ್ತು ಸೋಷಿಯಲ್ ಸೆಕ್ಯುರಿಟಿ ನಂಬರ್ ಕೈಯಲ್ಲಿಟ್ಟುಕೊಂಡು ಕರೆ ಮಾಡಿ.