ಜೇನುತುಪ್ಪ ಮತ್ತು ಮನೆಮದ್ದಿನ ಆಹಾರಗಳ ವೈರಾಣು ನಿರೋಧಕ ಗುಣ

ಜೇನುತುಪ್ಪ, ಲಿಂಬೆ, ಅರಿಶಿನ, ಬೆಳ್ಳುಳ್ಳಿ, ಶುಂಠಿ ಮೊದಲಾದ ಆಹಾರ ಪದಾರ್ಥಗಳಿಗೆ ವೈರಾಣುಗಳನ್ನು ತಡೆಯುವ ಶಕ್ತಿಯಿದೆ ಎಂಬ ನಂಬಿಕೆ ಭಾರತದಲ್ಲಿ ಬಹುಕಾಲದಿಂದ ಇದೆ. ಪ್ರಯೋಗಶಾಲೆಯಲ್ಲಿ ಇವುಗಳಲ್ಲಿ ಕೆಲವು ಪದಾರ್ಥಗಳು ವೈರಾಣುಗಳನ್ನು ದುರ್ಬಲಗೊಳಿಸಿರುವುದು ಕಂಡುಬಂದಿದೆ. ಆದರೆ ಗಾಜಿನ ತಟ್ಟೆಯಲ್ಲಿ ವೈರಾಣು ನಾಶವಾಗುವುದಕ್ಕೂ ರೋಗಿಯ ದೇಹದಲ್ಲಿ ರೋಗ ಗುಣವಾಗುವುದಕ್ಕೂ ಬಹಳ ಅಂತರವಿದೆ.

ಪ್ರಾದೇಶಿಕ ಹಿನ್ನೆಲೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳು ಕೃಷ್ಣಾ, ಭೀಮಾ ಮತ್ತು ಡೋಣಿ ನದಿಗಳ ಬಯಲಿನಲ್ಲಿರುವ ಒಣಭೂಮಿ ಪ್ರದೇಶಗಳು. ಇಂಡಿ ಮತ್ತು ಸಿಂದಗಿ ಲಿಂಬೆ ಬೆಳೆಗೆ ಹೆಸರಾಗಿವೆ. ‘ಇಂಡಿ ಲಿಂಬೆ’ಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದ್ದು, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯೂ ಇಂಡಿಯಲ್ಲಿದೆ. ಹಿಂಗಾರಿನಲ್ಲಿ ಅರಳುವ ಸೂರ್ಯಕಾಂತಿ ಹಾಗೂ ಕುಸುಬಿಯ ಹೂವುಗಳು ಜೇನುನೊಣಗಳಿಗೆ ಮಕರಂದ ಮತ್ತು ಪರಾಗವನ್ನು ಒದಗಿಸುತ್ತವೆ. ನೆಗಡಿ, ಕೆಮ್ಮು ಬಂದಾಗ ಜೇನುತುಪ್ಪದಲ್ಲಿ ಲಿಂಬೆರಸ ಬೆರೆಸಿ ನೆಕ್ಕಿಸುವುದು, ಅರಿಶಿನ ಹಾಕಿದ ಬಿಸಿಹಾಲು ಕುಡಿಸುವುದು, ಶುಂಠಿ ಮತ್ತು ಮೆಣಸಿನ ಕಷಾಯ ಕೊಡುವುದು ಇಲ್ಲಿನ ಮನೆಗಳಲ್ಲಿಯೂ ರೂಢಿಯಲ್ಲಿದೆ.

ಜೇನುತುಪ್ಪ

ಜೇನುತುಪ್ಪದಲ್ಲಿ ಸುಮಾರು ಶೇ. 80ರಷ್ಟು ಸಕ್ಕರೆ ಮತ್ತು ಶೇ. 17–18ರಷ್ಟು ನೀರು ಇರುತ್ತದೆ. ಸಕ್ಕರೆಯ ಸಾಂದ್ರತೆ ಹೆಚ್ಚಿರುವುದರಿಂದ ಸೂಕ್ಷ್ಮಾಣುಗಳಿಗೆ ಬೇಕಾದಷ್ಟು ನೀರು ದೊರೆಯುವುದಿಲ್ಲ. ಜೇನುತುಪ್ಪವು ಆಮ್ಲೀಯವೂ ಆಗಿದೆ. ಜೊತೆಗೆ ಜೇನುನೊಣ ಸೇರಿಸುವ ಗ್ಲುಕೋಸ್ ಆಕ್ಸಿಡೇಸ್ ಎಂಬ ಕಿಣ್ವವು, ಜೇನು ತೆಳುವಾದಾಗ ಅಲ್ಪ ಪ್ರಮಾಣದ ಹೈಡ್ರೋಜನ್ ಪೆರಾಕ್ಸೈಡನ್ನು ಉತ್ಪಾದಿಸುತ್ತದೆ. ಈ ಕಿಣ್ವವು ಶಾಖಕ್ಕೆ ನಾಶವಾಗುವುದರಿಂದ ಕುದಿಯುವ ಕಷಾಯಕ್ಕೆ ಹಾಕಿದ ಜೇನಿನಲ್ಲಿ ಆ ಗುಣ ಉಳಿಯದು.

ಪ್ರಯೋಗಶಾಲೆಯ ಅಧ್ಯಯನಗಳಲ್ಲಿ ಜೇನುತುಪ್ಪವು ರುಬೆಲ್ಲಾ (1996), ಸೀತಾಳೆ ಸಿಡುಬು ಮತ್ತು ಸರ್ಪಸುತ್ತಿಗೆ ಕಾರಣವಾದ ವೈರಾಣು (2012) ಹಾಗೂ ಇನ್‌ಫ್ಲುಯೆಂಜಾ (2014) ವೈರಾಣುಗಳ ಬೆಳವಣಿಗೆಯನ್ನು ತಗ್ಗಿಸಿತು. ಇವೆಲ್ಲವೂ ಜೀವಕೋಶಗಳ ಮೇಲೆ ಜೇನನ್ನು ನೇರವಾಗಿ ಹಾಕಿ ಮಾಡಿದ ಪ್ರಯೋಗಗಳು. ನುಂಗಿದ ಜೇನು ಬಹುಪಾಲು ಸಕ್ಕರೆಯಾಗಿಯೇ ರಕ್ತವನ್ನು ಸೇರುತ್ತದೆ. ಹೈಡ್ರೋಜನ್ ಪೆರಾಕ್ಸೈಡನ್ನು ದೇಹದಲ್ಲಿರುವ ಕ್ಯಾಟಲೇಸ್ ಕಿಣ್ವವು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಆದ್ದರಿಂದ ತಟ್ಟೆಯಲ್ಲಿ ಕಂಡ ಪರಿಣಾಮವನ್ನು ಶ್ವಾಸಕೋಶದಲ್ಲಿಯೂ ನಿರೀಕ್ಷಿಸಲಾಗದು.

ಚರ್ಮದ ಮೇಲೆ ಹಚ್ಚುವ ವಿಷಯದಲ್ಲಿ ಫಲಿತಾಂಶ ಸ್ವಲ್ಪ ಭಿನ್ನವಾಗಿದೆ. ತುಟಿಯ ಮೇಲೆ ಹರ್ಪಿಸ್ ವೈರಾಣುವಿನಿಂದ ಏಳುವ ಗುಳ್ಳೆಗಳ ಕುರಿತು ನ್ಯೂಜಿಲೆಂಡ್‌ನಲ್ಲಿ 952 ವಯಸ್ಕರ ಮೇಲೆ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಚರ್ಮ ಮೊದಲಿನಂತಾಗಲು ವೈದ್ಯಕೀಯ ದರ್ಜೆಯ ಕಾನುಕಾ ಜೇನು ಹಚ್ಚಿದವರಿಗೆ 9 ದಿನ, ಅಸಿಕ್ಲೋವಿರ್ ಮುಲಾಮು ಹಚ್ಚಿದವರಿಗೆ 8 ದಿನ ಬೇಕಾಯಿತು. ಈ ವ್ಯತ್ಯಾಸವು ಗಣನೀಯವಾದುದಲ್ಲ.

ಕೆಮ್ಮಿನ ಉಪಶಮನಕ್ಕೆ ಜೇನುತುಪ್ಪದ ಪರವಾಗಿ ಹೆಚ್ಚಿನ ಆಧಾರಗಳಿವೆ. 899 ಮಕ್ಕಳನ್ನು ಒಳಗೊಂಡ ಆರು ಅಧ್ಯಯನಗಳ 2018ರ ಕಾಕ್ರೇನ್ ಪರಾಮರ್ಶೆಯು, ಯಾವ ಔಷಧವನ್ನೂ ಕೊಡದಿರುವುದಕ್ಕಿಂತ ಜೇನು ಕೊಡುವುದರಿಂದ ಮಕ್ಕಳ ಕೆಮ್ಮು ಕಡಿಮೆಯಾಗಬಹುದೆಂದು ತಿಳಿಸಿತು. ಗಂಟಲಿಗೆ ಲೇಪವಾಗಿ ಕೆರೆತವನ್ನು ಶಮನಗೊಳಿಸುವುದು ಇದಕ್ಕೆ ಒಂದು ಕಾರಣವೆಂದು ಭಾವಿಸಲಾಗಿದೆ. ಇಲ್ಲಿ ದೊರೆಯುವುದು ಲಕ್ಷಣದ ಉಪಶಮನವೇ ಹೊರತು ವೈರಾಣುವಿನ ನಾಶವಲ್ಲ.

ಲಿಂಬೆ

ಲಿಂಬೆಯ ಕೀರ್ತಿಗೆ ಅದರಲ್ಲಿರುವ ಸಿ ಜೀವಸತ್ವವೇ ಮುಖ್ಯ ಕಾರಣ. ಪ್ರತಿದಿನ 200 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಿ ಜೀವಸತ್ವ ಸೇವಿಸಿದವರಲ್ಲಿ ನೆಗಡಿಯ ಅವಧಿ ವಯಸ್ಕರಿಗೆ ಸುಮಾರು ಶೇ. 8ರಷ್ಟು, ಮಕ್ಕಳಿಗೆ ಶೇ. 14ರಷ್ಟು ಕಡಿಮೆಯಾಯಿತೆಂದು 2013ರ ಕಾಕ್ರೇನ್ ಪರಾಮರ್ಶೆ ಹೇಳುತ್ತದೆ. ಆದರೆ ಸಾಮಾನ್ಯ ಜನರಲ್ಲಿ ನೆಗಡಿ ಬರುವುದು ತಪ್ಪಲಿಲ್ಲ. ನೆಗಡಿ ಆರಂಭವಾದ ಮೇಲೆ ಸೇವಿಸಿದವರಿಗೆ ಸ್ಥಿರವಾದ ಪ್ರಯೋಜನವೂ ಕಾಣಲಿಲ್ಲ. 100 ಗ್ರಾಂ ಲಿಂಬೆರಸದಲ್ಲಿ ಇರುವುದು ಸುಮಾರು 30 ಮಿಲಿಗ್ರಾಂ ಸಿ ಜೀವಸತ್ವ ಮಾತ್ರ. ಪೇರಲ ಮತ್ತು ಬೆಟ್ಟದ ನೆಲ್ಲಿಯಲ್ಲಿ ಇದರ ಹಲವು ಪಟ್ಟು ಇರುತ್ತದೆ.

ಅರಿಶಿನ ಮತ್ತು ಬೆಳ್ಳುಳ್ಳಿ

ಅರಿಶಿನದ ಕರ್ಕ್ಯುಮಿನ್ ಹಲವು ವೈರಾಣುಗಳ ಮೇಲೆ ಪ್ರಯೋಗಶಾಲೆಯಲ್ಲಿ ಪರಿಣಾಮ ತೋರಿದ್ದರೂ ಕರುಳು ಅದನ್ನು ಅತ್ಯಲ್ಪ ಪ್ರಮಾಣದಲ್ಲಿ ಹೀರಿಕೊಳ್ಳುತ್ತದೆ. ಕಾಳುಮೆಣಸಿನ ಪೈಪರಿನ್ ಜೊತೆಗಿದ್ದರೆ ಈ ಹೀರಿಕೆ ಬಹಳವಾಗಿ ಹೆಚ್ಚುತ್ತದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದರು. ಆದರೆ ಹೀರಿಕೆ ಹೆಚ್ಚಿದ ಮಾತ್ರಕ್ಕೆ ರೋಗ ಗುಣವಾಗುತ್ತದೆ ಎಂದಾಗುವುದಿಲ್ಲ. ಬೆಳ್ಳುಳ್ಳಿಯು ನೆಗಡಿಯನ್ನು ತಡೆಯುತ್ತದೆ ಎಂಬುದಕ್ಕೆ ಮುಖ್ಯ ಆಧಾರ 146 ಜನರ ಮೇಲೆ ನಡೆದ ಒಂದೇ ಅಧ್ಯಯನವಾದ್ದರಿಂದ ಅದನ್ನು ಸಾಕಷ್ಟು ಪುರಾವೆಯೆಂದು ಪರಿಗಣಿಸಲಾಗಿಲ್ಲ.

ಕೋವಿಡ್ ಕಾಲದ ಪ್ರಚಾರ

2020ರಲ್ಲಿ ಕೇಂದ್ರ ಆಯುಷ್ ಸಚಿವಾಲಯವು ದೇಹದ ರೋಗನಿರೋಧಕ ಶಕ್ತಿಯನ್ನು ಕಾಪಾಡಿಕೊಳ್ಳಲು ಕಷಾಯ, ಅರಿಶಿನದ ಹಾಲು ಮುಂತಾದವುಗಳನ್ನು ಸೂಚಿಸಿತು. ಇವು ಕೋವಿಡ್‌ಗೆ ಚಿಕಿತ್ಸೆ ಎಂದು ಅದು ಹೇಳಿರಲಿಲ್ಲ. 2021ರ ಎರಡನೆಯ ಅಲೆಯಲ್ಲಿ ಮೂಗಿಗೆ ಲಿಂಬೆರಸ ಬಿಟ್ಟುಕೊಂಡರೆ ಆಮ್ಲಜನಕದ ಮಟ್ಟ ಏರುತ್ತದೆ ಎಂಬ ಮಾತು ಕರ್ನಾಟಕದಲ್ಲಿ ವ್ಯಾಪಕವಾಗಿ ಹಬ್ಬಿತು; ಕೇಂದ್ರದ ಪತ್ರಿಕಾ ಮಾಹಿತಿ ಕಾರ್ಯಾಲಯದ ಸತ್ಯಶೋಧನಾ ವಿಭಾಗವು ಇದನ್ನು ಅಲ್ಲಗಳೆಯಿತು. ಲಿಂಬೆಯ ತೀವ್ರ ಆಮ್ಲವು ಮೂಗಿನ ಒಳಪದರವನ್ನು ಕೆರಳಿಸುತ್ತದೆ.

ಶುದ್ಧತೆಯ ಪ್ರಶ್ನೆ

2020ರ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 13 ಬ್ರಾಂಡುಗಳ ಜೇನುತುಪ್ಪದ ಪರೀಕ್ಷಾ ವರದಿಯನ್ನು ಹೊರತಂದಿತು. ಅವುಗಳಲ್ಲಿ 3 ಮಾತ್ರ ಎಲ್ಲ ಪರೀಕ್ಷೆಗಳಲ್ಲಿಯೂ ತೇರ್ಗಡೆಯಾದವು. ಸಕ್ಕರೆ ಪಾಕ ಬೆರೆತ ಜೇನಿನಿಂದ ಮೇಲಿನ ಅಧ್ಯಯನಗಳಲ್ಲಿ ಕಂಡ ಫಲವನ್ನು ನಿರೀಕ್ಷಿಸುವಂತಿಲ್ಲ.

ಎಚ್ಚರಿಕೆಗಳು

ಒಂದು ವರ್ಷ ತುಂಬದ ಶಿಶುಗಳಿಗೆ ಜೇನುತುಪ್ಪವನ್ನು ನೆಕ್ಕಿಸಲೂ ಬಾರದು. ಅದರಲ್ಲಿರಬಹುದಾದ ಕ್ಲಾಸ್ಟ್ರಿಡಿಯಂ ಬೊಟುಲಿನಂ ಬೀಜಕಗಳು ಶಿಶುವಿನ ಕರುಳಿನಲ್ಲಿ ಬೆಳೆದು ಸ್ನಾಯುಗಳನ್ನು ನಿಷ್ಕ್ರಿಯಗೊಳಿಸುವ ವಿಷವನ್ನು ಉಂಟುಮಾಡಬಲ್ಲವು. ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವ ಸಂಪ್ರದಾಯ ಈ ಕಾರಣದಿಂದ ಅಪಾಯಕಾರಿ. ಮಧುಮೇಹಿಗಳು ಜೇನನ್ನು ಸಕ್ಕರೆಯಂತೆಯೇ ಲೆಕ್ಕಕ್ಕೆ ಹಿಡಿಯಬೇಕು.

ಎರಡು ವಾರಕ್ಕೂ ಮೀರಿದ ಕೆಮ್ಮಿಗೆ ಮನೆಮದ್ದನ್ನೇ ಮುಂದುವರಿಸದೆ ಕ್ಷಯರೋಗದ ಕಫ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಇದು ಉಚಿತ. ಉಸಿರಾಟದ ತೊಂದರೆ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ನಾಯಿ ಕಚ್ಚಿದ ಗಾಯಕ್ಕೆ ಅರಿಶಿನ, ಸುಣ್ಣ ಅಥವಾ ಖಾರದ ಪುಡಿ ಹಚ್ಚಬಾರದು. ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ರೇಬಿಸ್ ಲಸಿಕೆ ಹಾಕಿಸಿಕೊಳ್ಳಬೇಕು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ರೇಬಿಸ್ ಬಹುತೇಕ ಯಾವಾಗಲೂ ಮಾರಣಾಂತಿಕ. ಅದನ್ನು ತಡೆಯುವ ಆಹಾರ ಯಾವುದೂ ಇಲ್ಲ.